ಕುಂಬಳಕಾಯಿ ಮೇಲಿನ ಎರಡಕ್ಷರ

ಜಯನಗರದ ನಮ್ಮ ಕಡೆ ಆಗೆಲ್ಲ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಎರಡು ಮನೆ, ಮಧ್ಯೆ ಒಂದು ಸೈಟು, ಮತ್ತೆ ಒಂದು ಮನೆ. ಸೈಟಿನ ತುಂಬ ಎಕ್ಕ, ಔಡಲ, ಕೈಗೆ ಅಂಟುವ ಲಂಟಾನ. ತಿಲಕ್ ನಗರದ ಕಡೆಯಿಂದ ಎಮ್ಮೆಗಳು ಮೇಯಲು ಬಂದು ಮಧ್ಯಾಹ್ನವೆಲ್ಲ ಅಲ್ಲೇ ಮಲಗಿರುತ್ತಿದ್ದವು. ಸೈಟಿನ ಯಜಮಾನರು ಎಲ್ಲಿರುತ್ತಿದ್ದರೋ ಯಾರಿಗೂ ತಿಳಿಯದು, ಪಕ್ಕದ ಮನೆಯವರೇ ಅಲ್ಲಿ ಅವರೆ, ಹೀರೆ, ಬಸಳೆ ಹಾಕಿಕೊಳ್ಳುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನೀವೂ ಆ ಕಡೆ ಬೆಳೆದಿದ್ದರೆ ಕಾಂಪೌಂಡ್ ಹಾರಿ ಸೈಟಿಗೆ ಧುಮುಕಿ ಮೊಣಕಾಲು ತರಚಿಕೊಂಡದ್ದು ನೆನಪಿರುತ್ತದೆ. ನನಗೆ ನೆನಪಿರುವುದು ಅಂಥ ಒಂದು ಸೈಟು, ಅಲ್ಲಿ ಬೆಳೆದ ಒಂದು ಕುಂಬಳಕಾಯಿ. ಇದನ್ನು ನಾನು ಹೆಚ್ಚು ಜನಕ್ಕೆ ಹೇಳಿಲ್ಲ.

ನಾವಿದ್ದದ್ದು ವಿಶಾಲಮ್ಮ ಎಂಬುವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ, ಬಾಡಿಗೆಗೆ. ಅಪ್ಪ ಗುಮಾಸ್ತ. ವಿಶಾಲಮ್ಮನ ಗಂಡ ಶ್ಯಾಮಣ್ಣ ಕಾರ್ಖಾನೆಗೆ ಹೋಗುತ್ತಿದ್ದವರು. ಬೆಳಿಗ್ಗೆ ಆರೂವರೆಗೆ ನೀಲಿ ಅಂಗಿ ಹಾಕಿಕೊಂಡು ಬಸ್ಸಿಗೆ ನಿಂತರೆ ಸಂಜೆಯೇ ಅವರ ಮುಖ ಕಾಣುತ್ತಿದ್ದದ್ದು. ಅವರಿಗೆ ಮಕ್ಕಳಿರಲಿಲ್ಲ. ಹತ್ತು ವರ್ಷದ ನನಗೆ ಅದೊಂದು ಅನುಕೂಲವಾಗಿತ್ತೇ ಹೊರತು ಕೊರತೆಯಾಗಿ ಕಂಡಿರಲಿಲ್ಲ. ನಾನು ಅವರನ್ನು ಅತ್ತೆ ಅನ್ನುತ್ತಿದ್ದೆ. ಸ್ಕೂಲಿನಿಂದ ಬಂದ ಕೂಡಲೇ ಬ್ಯಾಗು ನಮ್ಮ ಮನೆಯಲ್ಲಿ ಎಸೆದು ಅವರ ಅಡುಗೆಮನೆಗೆ ಓಡುತ್ತಿದ್ದೆ. ಅವರು ನನ್ನ ತಲೆಗೆ ಹರಳೆಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿ, ಮಡಚಿ ಕಟ್ಟುತ್ತಿದ್ದರು. ಆಮೇಲೆ ಕಾಪಿ ಪುಸ್ತಕ. ಮದುವೆಗೆ ಮುಂಚೆ ಎರಡು ವರ್ಷ ಬೇಗೂರಿನಲ್ಲಿ ಟೀಚರ್ ಆಗಿದ್ದವರು ಅವರು. ನನ್ನ ಅಕ್ಷರ ನೋಡಿದರೆ ಅವರಿಗೆ ಹೊಟ್ಟೆ ಉರಿಯುತ್ತಿತ್ತು. ಅದರಲ್ಲೂ ನನ್ನ ‘ಜ’. ಅದು ಯಾವಾಗಲೂ ಬಾಲ ಬಿಟ್ಟುಕೊಂಡು ಕೆಳಗಿನ ಗೆರೆಗೆ ಜಾರುತ್ತಿತ್ತು. ಅದೊಂದನ್ನೇ ಪುಟಗಟ್ಟಲೆ ಬರೆಸುತ್ತಿದ್ದರು.

ಅಮ್ಮನಿಗೂ ಅವರೇ ಎಲ್ಲ. ಎರಡು ಅಡುಗೆಮನೆಗಳ ನಡುವೆ ಒಂದು ಬಟ್ಟೆ ಒಗೆಯುವ ಕಲ್ಲಿತ್ತು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಅದರ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತ ಕೂರುತ್ತಿದ್ದರು. ನನ್ನಮ್ಮ ಜೋರಾಗಿ ನಗುವವಳಲ್ಲ. ಅಪ್ಪನ ಮುಂದಂತೂ ಇಲ್ಲವೇ ಇಲ್ಲ. ಆ ಕಲ್ಲಿನ ಮೇಲೆ ಕೂತು ನಗುತ್ತಿದ್ದದ್ದು ಮಾತ್ರ ಸೈಟಿನ ಆಚೆಯವರೆಗೂ ಕೇಳುತ್ತಿತ್ತು.

ಬಡಾವಣೆಯಲ್ಲಿ ಆಗ ತೋಟದ ಹುಚ್ಚಿನವರು ಸೇರಿ ಪ್ರತಿ ಜನವರಿಯಲ್ಲಿ ಒಂದು ಸ್ಕೂಲಿನ ಮೈದಾನದಲ್ಲಿ ಹೂವು ತರಕಾರಿಗಳ ಸ್ಪರ್ಧೆ ನಡೆಸುತ್ತಿದ್ದರು. ಗುಲಾಬಿ, ಡೇರೆ, ಉದ್ದದ ಪಡವಲ. ಎಲ್ಲಕ್ಕಿಂತ ಜನ ಸೇರುತ್ತಿದ್ದದ್ದು ದೊಡ್ಡ ಕುಂಬಳಕಾಯಿ ಮುಂದೆ. ಹಿಂದಿನ ವರ್ಷ ವಿಶಾಲಮ್ಮ ಸೈಟಿನಲ್ಲಿ ತಾನಾಗಿ ಬಿದ್ದು ಬೆಳೆದ ಒಂದು ಕಾಯಿ ಒಯ್ದಿದ್ದರು. ಮೂರನೆಯದಾಗಿ ಬಂತು. ಮೊದಲನೆಯದು ಪಕ್ಕದ ಬ್ಲಾಕಿನ ಒಬ್ಬ ರಿಟೈರ್ಡ್ ಎಂಜಿನಿಯರ್‌ಗೆ. ಅವರು ಬಹುಮಾನದ ಬೆಳ್ಳಿ ಕಪ್ಪು ಇಸಿದುಕೊಳ್ಳುತ್ತ, ನಮ್ಮ ಮಾಲಿ ಬಹಳ ಚೆನ್ನಾಗಿ ನೋಡ್ಕೊಂಡ ಅಂದರಂತೆ. ಆ ಮಾತನ್ನು ವಿಶಾಲಮ್ಮ ಎಷ್ಟು ಸಲ ಅಮ್ಮನಿಗೆ ಹೇಳಿದರೋ. ತಾನು ಕೈ ಕೆಸರು ಮಾಡಿಕೊಳ್ಳದವನಿಗೆ ಕಪ್ಪು ಹೋಯಿತಲ್ಲ ಎಂಬುದು ಅವರಿಗೆ ನುಂಗಲಾಗದ ವಿಷಯವಾಗಿತ್ತು.

ಈ ಸಲ ಅವರು ತವರಿಗೆ, ಬೇಗೂರಿಗೆ ಹೋಗಿ ಅಣ್ಣನ ಹತ್ತಿರ ಬೂದಿಯಲ್ಲಿ ಇಟ್ಟಿದ್ದ ಬೀಜ ತಂದರು. ಗೌರಿ ಹಬ್ಬ ಮುಗಿದ ವಾರವೇ ಸೈಟಿನ ನಮ್ಮ ಕಾಂಪೌಂಡಿನ ಪಕ್ಕ ಗುಂಡಿ ತೋಡಿದರು. ಎಮ್ಮೆ ಗೊಬ್ಬರ, ಒಲೆ ಬೂದಿ. ವಾರಕ್ಕೊಮ್ಮೆ ನೆನೆಸಿದ ಕಡಲೆಕಾಯಿ ಹಿಂಡಿಯ ನೀರು. ಅದರ ಹುಳಿ ನಾತ ನಮ್ಮ ಕಿಟಕಿಗೂ ಬರುತ್ತಿತ್ತು. ಬಳ್ಳಿ ಕೈಗೆ ಸಿಗದ ಹಾಗೆ ಓಡಿತು. ದೀಪಾವಳಿಯ ಹೊತ್ತಿಗೆ ಹಳದಿ ಹೂವು. ಒಂದು ಬೆಳಿಗ್ಗೆ ನನ್ನನ್ನು ಎಬ್ಬಿಸಿಕೊಂಡು ಹೋಗಿ, ಗಂಡು ಹೂವಿನ ದಳ ಕಿತ್ತು, ಒಳಗಿನ ಪುಡಿಯನ್ನು ಹೆಣ್ಣು ಹೂವಿಗೆ ಸವರಿ ತೋರಿಸಿದರು. ಹೆಣ್ಣು ಹೂವಿನ ಕೆಳಗೆ ಗೋಲಿಯಷ್ಟು ಕಾಯಿ ಆಗಲೇ ಇತ್ತು. ಅಂಥ ಐದಾರು ಕಾಯಿಗಳಲ್ಲಿ ಒಂದನ್ನು ಉಳಿಸಿ ಬಾಕಿಯನ್ನೆಲ್ಲ ಚಿವುಟಿದರು. ಉಳಿದದ್ದರ ಕೆಳಗೆ ಮರಳು ಹಾಸಿ, ಮೇಲೆ ಹಳೇ ಸೀರೆಯ ನೆರಳು ಕಟ್ಟಿದರು.

ಅಲ್ಲಿಂದ ಮುಂದೆ ಅತ್ತೆ ನನಗೆ ಸಿಗಲಿಲ್ಲ. ಸಂಜೆ ಹೋದರೆ ಎಲೆ ತಿರುವಿ ಹುಳ ಹುಡುಕುತ್ತಿರುತ್ತಿದ್ದರು. ಇವತ್ತು ನಿಮ್ಮಮ್ಮನ ಹತ್ರ ಜಡೆ ಹಾಕಿಸ್ಕೋ ಅನ್ನುತ್ತಿದ್ದರು, ತಿರುಗಿ ನೋಡದೆ. ಕಾಪಿ ಪುಸ್ತಕ ತಿದ್ದದೆ ಹತ್ತು ದಿನವಾದರೂ ಅವರಿಗೆ ನೆನಪಾಗಲಿಲ್ಲ. ಭಾನುವಾರ ಭಾನುವಾರ ಕಾಯಿಯ ಸುತ್ತ ದಾರ ಹಿಡಿದು ಅಳೆದು, ಅಳತೆ ಸಿಕ್ಕಲ್ಲಿ ಗಂಟು ಹಾಕುತ್ತಿದ್ದರು. ಗಂಟುಗಳ ನಡುವಿನ ಅಂತರ ಅಮ್ಮನಿಗೆ ತೋರಿಸುವಾಗ ಅವರ ಮುಖ ನೋಡಬೇಕಿತ್ತು.

ಅಮ್ಮನಿಗೂ ಆ ದಾರ ನೋಡುವ ಮನಸ್ಸು ಬರಬರುತ್ತ ಕಡಿಮೆಯಾಯಿತು. ಕಾರಣ ನೀರು. ದಿನ ಬಿಟ್ಟು ದಿನ ಬೆಳಿಗ್ಗೆ ಎರಡು ಗಂಟೆ ಹೊತ್ತು ನಲ್ಲಿ ಬರುತ್ತಿತ್ತು, ಇಡೀ ಮನೆಗೆ ಒಂದೇ ನಲ್ಲಿ. ಮೊದಲೆಲ್ಲ ಅವರದೊಂದು ಬಿಂದಿಗೆ, ನಮ್ಮದೊಂದು. ಈಗ ಅವರ ಪೈಪು ನೇರ ಸೈಟಿಗೆ ಹೋಗುತ್ತಿತ್ತು. ನಮ್ಮ ಡ್ರಮ್ಮು ಅರ್ಧವಾಗುವಷ್ಟರಲ್ಲಿ ನೀರು ನಿಲ್ಲುತ್ತಿತ್ತು. ಮನೆ ಅವರದು, ಅಮ್ಮ ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಅಪ್ಪನಿಗೆ ಸ್ನಾನಕ್ಕೆ ನೀರಿಲ್ಲದೆ ರಾದ್ಧಾಂತವಾಯಿತು. ಅಪ್ಪ ಆಫೀಸಿಗೆ ಹೋದ ಮೇಲೆ ಅಮ್ಮ ಖಾಲಿ ಡ್ರಮ್ಮಿನೊಳಗೆ ಚೊಂಬು ಬಡಿಯುತ್ತ ತನ್ನಷ್ಟಕ್ಕೆ ಹೇಳಿಕೊಂಡಳು.

“ಮನುಷ್ಯರಿಗೆ ನೀರಿಲ್ಲ. ಬಂಜೆಗೆ ಅದೊಂದು ಕುಂಬಳಕಾಯಿ ಸಾಕೋದೇ ಹೆಚ್ಚಾಯ್ತು.”

ನಾನು ಬಾಗಿಲಲ್ಲಿ ನಿಂತಿದ್ದೆ. ಬಂಜೆ ಅಂದರೇನು ಎಂದು ಕೇಳಿದೆ. ಅಮ್ಮ ಬೆಚ್ಚಿಬಿದ್ದಳು. ಅದೆಲ್ಲ ನಿಂಗ್ಯಾಕೆ, ಸ್ಕೂಲಿಗೆ ಹೊರಡು ಎಂದು ಗದರಿದಳು. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು: ಅರ್ಥ ಏನೇ ಇರಲಿ, ಅದು ಅತ್ತೆಯ ಎದುರಿಗೆ ಆಡಬಾರದ ಮಾತು, ಆಡಿದರೆ ಅವರಿಗೆ ನೋವಾಗುವ ಮಾತು. ನನಗೆ ಅಷ್ಟು ಗೊತ್ತಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಏನೂ ತಿಳಿಯದ ಮಗು ಎಂದು ನನ್ನನ್ನು ಬಿಟ್ಟುಬಿಡಲು ಆಗುವುದಿಲ್ಲ.

ಅದಾದ ನಾಲ್ಕು ದಿನಕ್ಕೋ ಐದು ದಿನಕ್ಕೋ ನಾನು ಸ್ಕೂಲಿನ ಇಬ್ಬರು ಗೆಳತಿಯರನ್ನು ಕರೆದುಕೊಂಡು ಬಂದೆ. ನಮ್ಮ ಮನೆ ಕುಂಬಳಕಾಯಿ ಎಂದು ಜಂಬ ಕೊಚ್ಚಿಕೊಂಡಿದ್ದೆ. ಕಾಯಿ ಆಗ ತೆಂಗಿನಕಾಯಿಯಷ್ಟು ಆಗಿತ್ತು. ಎಳೆ ಕಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂದು ಎಲ್ಲರೂ ನಂಬುತ್ತಿದ್ದ ಕಾಲ, ಅತ್ತೆ ನನಗೆ ಅದನ್ನು ಹತ್ತು ಸಲ ಹೇಳಿದ್ದರು. ಉತ್ಸಾಹದಲ್ಲಿ ಮರೆತು, ಸೀರೆಯ ನೆರಳು ಎತ್ತಿ, ನೋಡ್ರೇ ಅಲ್ಲಿ ಎಂದು ಬೆರಳು ಚಾಚಿದೆ. ಹಿಂದಿನಿಂದ ಬಂದ ಅತ್ತೆ ನನ್ನ ಕೈಗೆ ಒಂದು, ಕೆನ್ನೆಗೆ ಒಂದು ಬಿಟ್ಟರು.

“ಎಷ್ಟು ಸಲ ಹೇಳ್ಬೇಕು ನಿಂಗೆ? ಇನ್ನೊಂದ್ಸಲ ಸೈಟಿಗೆ ಕಾಲಿಟ್ಟರೆ ನೋಡು.”

ಅವರು ಅದುವರೆಗೆ ನನ್ನನ್ನು ಹೊಡೆದಿರಲಿಲ್ಲ. ಗೆಳತಿಯರಲ್ಲಿ ಒಬ್ಬಳು ನಕ್ಕಳು. ಪೆಟ್ಟಿಗಿಂತ ಆ ನಗು ಉಳಿದುಕೊಂಡಿತು.

ಮರುದಿನ ಮಧ್ಯಾಹ್ನ ಅತ್ತೆ ಸೀಮೆಎಣ್ಣೆ ಕ್ಯೂಗೆ ಹೋಗಿದ್ದರು. ಅಮ್ಮ ಮಲಗಿದ್ದಳು. ನಾನು ಜಾಮಿಟ್ರಿ ಬಾಕ್ಸಿನಿಂದ ಕೈವಾರ ತೆಗೆದುಕೊಂಡು ಕಾಂಪೌಂಡ್ ಹತ್ತಿ ಇಳಿದೆ. ಕಾಯಿಯ ಹಿಂಭಾಗ, ಗೋಡೆಯ ಕಡೆಗಿದ್ದ ಮೈಯಲ್ಲಿ, ಕೈವಾರದ ಮೊನೆಯಿಂದ, ಅಮ್ಮನ ಬಾಯಿಂದ ಕೇಳಿದ್ದ ಆ ಎರಡಕ್ಷರ ಕೆತ್ತಿದೆ. ಒಂದೊಂದು ಅಕ್ಷರ ನನ್ನ ಹೆಬ್ಬೆರಳಿನಷ್ಟು. ಸಿಪ್ಪೆ ಎಷ್ಟು ಮೆತ್ತಗಿತ್ತೆಂದರೆ ಉಗುರಲ್ಲೇ ಬರೆಯಬಹುದಿತ್ತು. ಗೆರೆ ಎಳೆದಲ್ಲೆಲ್ಲ ಅಂಟು ಹನಿಗಳು ಸಾಲಾಗಿ ಉಬ್ಬಿ ನಿಂತವು. ಎರಡು ದಿನದಲ್ಲಿ ಮಾಯ್ದು ಹೋಗುತ್ತದೆ ಅಂದುಕೊಂಡಿದ್ದೆ, ಮೊಣಕಾಲಿನ ಗಾಯ ಮಾಯುವ ಹಾಗೆ.

ಮಾಯಲಿಲ್ಲ. ಗೆರೆಗಳು ಒಣಗಿ, ಮರದ ತೊಗಟೆಯ ಹಾಗೆ ಕಂದು ಬಣ್ಣದಲ್ಲಿ ಉಬ್ಬಿಕೊಂಡವು. ಕಾಯಿ ದಪ್ಪವಾದಂತೆ ಅಕ್ಷರವೂ ದಪ್ಪವಾಯಿತು. ವಾರದಲ್ಲಿ ಎರಡು ಬೆರಳಗಲ, ಇನ್ನೊಂದು ವಾರಕ್ಕೆ ಮೂರು. ಡಿಸೆಂಬರ್ ಹೊತ್ತಿಗೆ ಅದು ನನ್ನ ಅಂಗೈಯಷ್ಟಾಗಿತ್ತು. ಗೋಡೆಯ ಕಡೆಗಿದ್ದುದರಿಂದ, ದಾರವನ್ನೂ ಮುಂದಿನಿಂದಲೇ ಸುತ್ತಿ ಅಳೆಯುತ್ತಿದ್ದುದರಿಂದ ಅತ್ತೆಗೆ ಕಂಡಿರಲಿಲ್ಲ. ನಾನು ದಿನಾ ಕಾಂಪೌಂಡಿನ ಮೇಲೆ ಹೊಟ್ಟೆ ಹಾಕಿ ಬಗ್ಗಿ ನೋಡುತ್ತಿದ್ದೆ. ಕಾಯಿ ಕೊಳೆತು ಹೋದರೆ ಸಾಕು ಎಂದು ಅದಕ್ಕೆ ಹತ್ತೂ ಬೆರಳು ತೋರಿಸಿದೆ, ಮತ್ತೆ ಮತ್ತೆ ತೋರಿಸಿದೆ. ಅದು ಹಳದಿಗೆ ತಿರುಗಿ ಇನ್ನಷ್ಟು ಬೆಳೆಯಿತು. ಊಟ ಸೇರದೆ ಸೊರಗಿದೆ. ಹೊಟ್ಟೆಹುಳ ಇರಬೇಕೆಂದು ಅಮ್ಮ ಬೇವಿನ ರಸ ಕುಡಿಸಿದಳು.

ಭಾರ ಹೆಚ್ಚಾಗಿ ಕಾಯಿ ಮರಳಿನಲ್ಲಿ ತಾನೇ ಒಂದಿಷ್ಟು ವಾಲಿತು. ಒಂದು ಭಾನುವಾರ ಅತ್ತೆ ದಾರ ಹಿಡಿದು ಅದರ ಹಿಂದಕ್ಕೆ ಬಗ್ಗಿದರು. ನಾನು ನಮ್ಮ ಕಿಟಕಿಯಲ್ಲಿದ್ದೆ. ಅವರು ಬಗ್ಗಿದವರು ಹಾಗೇ ಮಣ್ಣಿನ ಮೇಲೆ ಕೂತರು. ದಾರ ಕೈಯಲ್ಲೇ ಇತ್ತು. ಇನ್ನೊಂದು ಕೈಯಿಂದ ಅಕ್ಷರದ ಗೆರೆಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು. ‘ಜ’ಕಾರದ ಬಾಲಕ್ಕೆ ಬಂದಾಗ ಬೆರಳು ನಿಂತಿತು. ತಲೆಯೆತ್ತಿ ನಮ್ಮ ಕಿಟಕಿಯ ಕಡೆ ನೋಡಿದರು. ನಾನು ಕೆಳಗೆ ಕುಕ್ಕರಿಸಿದೆ.

ಎರಡು ದಿನ ಬಿಟ್ಟು ಶ್ಯಾಮಣ್ಣ ನೋಡಿ, ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಅಪ್ಪ ಹೋಗಿ ನೋಡಿ ಬಂದು, ಯಾರೋ ಪೋಲಿಗಳು ಕಣ್ರೀ, ಎಂಥ ಜನ ಇರ್ತಾರೆ ಎಂದು ಅವರನ್ನು ಸಮಾಧಾನ ಮಾಡಿದರು. ಶ್ಯಾಮಣ್ಣ ಕಾಯಿಯನ್ನು ಒಡೆದು ಎಮ್ಮೆಗೆ ಹಾಕುತ್ತೇನೆ ಎಂದು ಮಚ್ಚು ತಂದರಂತೆ. ವಿಶಾಲಮ್ಮ ಅಡ್ಡ ನಿಂತು ಒಂದೇ ಮಾತು ಹೇಳಿದರಂತೆ. ನಾನು ಬೆಳೆಸಿದ್ದು ಇದು, ಯಾರೋ ಏನೋ ಬರೆದ್ರು ಅಂತ ಬಿಸಾಕ್ಲಾ?

ಅಮ್ಮ ಕೊನೆಯಲ್ಲಿ ಹೋಗಿ ನೋಡಿದಳು. ನಾನು ಅವಳ ಸೆರಗು ಹಿಡಿದು ಹಿಂದೆ ಹೋದೆ, ಹೋಗದಿದ್ದರೆ ಅನುಮಾನ ಬರುತ್ತದೆ ಎಂಬ ಲೆಕ್ಕಾಚಾರದಲ್ಲಿ. ಅಮ್ಮ ಆ ಎರಡಕ್ಷರ ಓದಿದಳು. ನನ್ನ ಬರಹ ಅವಳಿಗೂ ಗೊತ್ತಿತ್ತು. ಸೆರಗಿನ ತುದಿಯನ್ನು ಹಿಡಿದಿದ್ದ ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು. ವಿಶಾಲಮ್ಮ ಎಲೆ ಸರಿಸುತ್ತ ಅಲ್ಲೇ ಇದ್ದರು. ನನ್ನ ಕಡೆ ನೋಡಲೇ ಇಲ್ಲ.

“ಮಗೂಗೆ ಈ ಪದ ಎಲ್ಲಿ ಸಿಕ್ತು, ಸಾವಿತ್ರಿ?”

ಸ್ಕೂಲಿನಲ್ಲಿ ಅನ್ನಬಹುದಿತ್ತು, ಬೀದಿಯಲ್ಲಿ ಅನ್ನಬಹುದಿತ್ತು. ಅಮ್ಮನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ, ಅವರ ಹತ್ತಿರವಂತೂ. ವಿಶಾಲಮ್ಮ ಹಳೇ ಸೀರೆಯನ್ನು ಕಾಯಿಯ ಮೇಲೆ ಎಳೆದು ಮುಚ್ಚಿ ಒಳಗೆ ಹೋದರು.

ಮನೆಗೆ ಬಂದ ಮೇಲೆ ಅಮ್ಮ ಹೊಡೆಯುತ್ತಾಳೆಂದು ಗೋಡೆಗೆ ಒರಗಿ ನಿಂತೆ. ಅವಳು ನನ್ನನ್ನು ದಾಟಿಕೊಂಡು ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸೀದುಹೋಗುವವರೆಗೂ ಸೌಟು ಹಿಡಿದು ನೋಡುತ್ತಿದ್ದಳು. ಆಮೇಲೆ, ಅಂಗಡಿಯಿಂದ ಕೊತ್ತಂಬರಿ ತಗೊಂಡ್ಬಾ ಎಂದಳು. ಅಷ್ಟೇ.

ಸ್ಪರ್ಧೆ ಸಂಕ್ರಾಂತಿಯ ಹಿಂದಿನ ಭಾನುವಾರ. ಬೀದಿಯಲ್ಲೆಲ್ಲ ಸೊಗಡಿನ ಅವರೆಕಾಯಿಯ ವಾಸನೆ, ಅಂಗಡಿಗಳ ಮುಂದೆ ಸಕ್ಕರೆ ಅಚ್ಚು, ಎಳ್ಳು ಬೆಲ್ಲ. ಶ್ಯಾಮಣ್ಣ ಮುಖ ಗಂಟು ಹಾಕಿಕೊಂಡೇ ತಳ್ಳುಗಾಡಿ ತಂದರು. ಕಾಯಿಯನ್ನು ಅದಕ್ಕೆ ಏರಿಸಲು ನಾಲ್ಕು ಜನ ಬೇಕಾದರು. ವಿಶಾಲಮ್ಮ ಮದುವೆ ಮುಂಜಿಗೆ ಉಡುವ ಹಸಿರು ರೇಷ್ಮೆಸೀರೆ ಉಟ್ಟಿದ್ದರು. ಅಮ್ಮ ತಲೆನೋವೆಂದು ಮಲಗಿದ್ದಳು. ನಾನು ಯಾರಿಗೂ ಹೇಳದೆ ಗಾಡಿಯ ಹಿಂದೆ, ಒಂದು ಬೀದಿಯಷ್ಟು ದೂರದಲ್ಲಿ ನಡೆದೆ.

ಮೈದಾನದಲ್ಲಿ ಶಾಮಿಯಾನದ ಕೆಳಗೆ ಕುಂಬಳಕಾಯಿಗಳನ್ನು ಜಮಖಾನದ ಮೇಲೆ ಸಾಲಾಗಿ ಇಟ್ಟಿದ್ದರು. ಎಂಜಿನಿಯರರದ್ದೂ ಇತ್ತು, ದೊಡ್ಡದೇ. ಆದರೆ ನಮ್ಮದು ಬಂದಾಗ ಜನ ಸರಿದು ದಾರಿ ಬಿಟ್ಟರು. ಕಾಯಿ ಉರುಳದಂತೆ ಇಡಬೇಕೆಂದರೆ ಅದು ಒಂದೇ ಮಗ್ಗುಲಲ್ಲಿ ಕೂರುತ್ತಿತ್ತು. ಹಾಗೆ ಇಟ್ಟಾಗ ಅಕ್ಷರಗಳು ಹಿಂದಕ್ಕೆ, ಜನ ಓಡಾಡುವ ಇನ್ನೊಂದು ಸಾಲಿನ ಕಡೆಗೆ ಬಂದವು. ವಿಶಾಲಮ್ಮ ಮುಂದೆ ನಿಂತಿದ್ದರು. ಹಿಂದಿನ ಸಾಲಿನಲ್ಲಿ ಜನ ಬರತೊಡಗಿದ್ದು ನನಗೆ ಕಂಡಿತು. ಓಡಿಹೋಗಿ ಕಾಯಿಗೆ ಬೆನ್ನು ಕೊಟ್ಟು ನಿಂತುಬಿಟ್ಟೆ.

ಎರಡು ಗಂಟೆ ಹೊತ್ತು ಹಾಗೇ ನಿಂತಿದ್ದೆ. ಉಬ್ಬಿದ ಗೆರೆಗಳು ಫ್ರಾಕಿನ ಮೂಲಕ ಬೆನ್ನಿಗೆ ಒತ್ತುತ್ತಿದ್ದವು. ನೀರು ಕುಡಿಯಲು ಹೋಗಲಿಲ್ಲ. ಬಂದವರು, ಎಷ್ಟು ಹೆಮ್ಮೆ ನೋಡು ಆ ಮಗೂಗೆ, ಬಿಟ್ಟು ಕದಲ್ತಾ ಇಲ್ಲ ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಅತ್ತೆ ಒಂದು ಸಲ ತಿರುಗಿ ನೋಡಿದರು. ನಾನು ಏಕೆ ಅಲ್ಲಿ ನಿಂತಿದ್ದೇನೆ ಎಂದು ಅವರಿಗೆ ಅರ್ಥವಾಯಿತು. ಅವರು ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಕೊನೆಗೆ ತೀರ್ಪು ಕೊಡುವ ಹಿರಿಯರು ಬಂದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ವಿಶಾಲಮ್ಮನತ್ತ ತಿರುಗಿದರು.

“ನಿಮ್ಮ ಮಗಳೇನಮ್ಮ?”

“ಅಲ್ಲ ಸಾರ್. ಬಾಡಿಗೆಗಿರೋರ ಮಗಳು.”

ಧ್ವನಿಯಲ್ಲಿ ಕೋಪವಿರಲಿಲ್ಲ. ವಿಳಾಸ ಕೇಳಿದವರಿಗೆ ಹೇಳುವ ಹಾಗೆ ಹೇಳಿದರು. ಒಂದು ವರ್ಷದ ಹಿಂದೆ ಯಾರಾದರೂ ಹಾಗೆ ಕೇಳಿದ್ದರೆ ಏನನ್ನುತ್ತಿದ್ದರು ಎಂಬುದು ನನಗೆ ಗೊತ್ತಿತ್ತು, ಏಕೆಂದರೆ ಅಂಗಡಿಯವರು, ಬಸ್ಸಿನ ಹೆಂಗಸರು ಎಷ್ಟೋ ಸಲ ಕೇಳಿದ್ದರು. ಹೌದು ಅನ್ನುತ್ತಿದ್ದರು. ಆಮೇಲೆ ನನ್ನತ್ತ ನೋಡಿ ಕಣ್ಣು ಮಿಟುಕಿಸುತ್ತಿದ್ದರು.

ತೂಕ ಹಾಕುವವರು ಬಂದು ನನ್ನನ್ನು ಸರಿಸಿದರು. ಗೋಣಿಯಲ್ಲಿ ಎತ್ತಿ ತಕ್ಕಡಿಯ ಮೇಲಿಟ್ಟಾಗ ಅಕ್ಷರಗಳು ಜನರ ಕಡೆ ತಿರುಗಿದವು. ಯಾರೋ ಓದಿದರು, ಯಾರೋ ಅವರನ್ನು ಸುಮ್ಮನಾಗಿಸಿದರು. ಶ್ಯಾಮಣ್ಣ ಹೊರಗೆ ಹೋದರು. ವಿಶಾಲಮ್ಮ ನಿಂತಲ್ಲೇ ನಿಂತು ಮುಳ್ಳನ್ನು ನೋಡುತ್ತಿದ್ದರು. ಅವರದೇ ಎಲ್ಲಕ್ಕಿಂತ ಭಾರ. ಕಪ್ಪು ಕೊಟ್ಟರು, ಎರಡೂ ಕೈಯಿಂದ ಇಸಿದುಕೊಂಡರು. ಕಾಯಿಯ ಪಕ್ಕ ನಿಲ್ಲಿ, ಫೋಟೋ ತೆಗೀತೀವಿ ಅಂದಾಗ ಬೇಡ ಎಂದರು.

ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದೆಂದು ಮರುದಿನ ಶ್ಯಾಮಣ್ಣ ಮೊದಲ ಕತ್ತಿ ಹಾಕಿದ ಮೇಲೆ ವಿಶಾಲಮ್ಮ ಕಾಯಿಯನ್ನು ಹೋಳು ಮಾಡಿ ಬೀದಿಗೆಲ್ಲ ಹಂಚಿದರು. ನಮ್ಮ ಮನೆಗೂ ಒಂದು ಹೋಳು ಬಂತು, ಎಲ್ಲರಿಗೂ ಕೊಟ್ಟಷ್ಟೇ. ಕಿತ್ತಳೆ ಬಣ್ಣದ, ಗಟ್ಟಿ ತಿರುಳು. ಅಮ್ಮ ಹುಳಿ ಮಾಡಿದಳು. ಅಪ್ಪ ಎರಡು ಸಲ ಹಾಕಿಸಿಕೊಂಡು, ಸಖತ್ತಾಗಿದೆ, ಇದರ ಬೀಜ ಕೇಳಿ ಇಟ್ಕೋ ಎಂದರು. ಅಮ್ಮನೂ ನಾನೂ ಮಜ್ಜಿಗೆ ಅನ್ನ ಊಟ ಮಾಡಿದೆವು.

ನಲ್ಲಿ ನೀರು ಮತ್ತೆ ಮೊದಲಿನ ಹಾಗೆ ಸರಿಯಾಗಿ ಸಿಗತೊಡಗಿತು. ವಿಶಾಲಮ್ಮ ಬಿಂದಿಗೆ ತುಂಬಿದ ಕೂಡಲೇ, ನಿಮ್ದು ಇಟ್ಕೊಳಿ ಎಂದು ಹೇಳಿ ಹೋಗುತ್ತಿದ್ದರು. ಅಮ್ಮನಿಗೆ ಅವರು ನೀವು ಅಂದದ್ದು ಆಗಲೇ ಮೊದಲು. ಅಮ್ಮ ಒಂದು ಮಧ್ಯಾಹ್ನ ಮೊರ ಹಿಡಿದು ಕಲ್ಲಿನ ಮೇಲೆ ಹೋಗಿ ಕೂತಳು. ಅಕ್ಕಿ ಪೂರ್ತಿ ಆರಿಸಿ ಮುಗಿಯಿತು. ಆಚೆಯ ಅಡುಗೆಮನೆಯ ಬಾಗಿಲು ತೆರೆಯಲಿಲ್ಲ. ನನ್ನ ಪರೀಕ್ಷೆ ಮುಗಿದ ವಾರ ನಾವು ಬನಶಂಕರಿಗೆ ಮನೆ ಬದಲಿಸಿದೆವು. ಅಪ್ಪನಿಗೆ ಆಫೀಸು ಇನ್ನೂ ದೂರವಾಯಿತು. ಆ ಮನೇಲಿ ಗಾಳಿ ಬೆಳಕು ಚೆನ್ನಾಗಿದೆ ಎಂದು ಅಮ್ಮ ಹೇಳಿದಳು, ಅಪ್ಪ ನಂಬಿದರು.

ಎಂಟು ವರ್ಷದ ಮೇಲೆ ಕಾಲೇಜಿಗೆ ಹೋಗುತ್ತಿದ್ದಾಗ ಜಯನಗರದ ಮಾರ್ಕೆಟ್ಟಿನಲ್ಲಿ ವಿಶಾಲಮ್ಮ ಸಿಕ್ಕರು. ಕೂದಲು ನರೆತಿತ್ತು. ನಾನೇ ಹೋಗಿ ಮಾತಾಡಿಸಿದೆ. ಎಷ್ಟು ಎತ್ತರವಾಗಿದೀಯ ಎಂದು ಕೈ ಹಿಡಿದುಕೊಂಡರು, ಏನು ಓದುತ್ತಿದ್ದೀಯ ಎಂದು ಕೇಳಿದರು. ಎಷ್ಟೋ ವರ್ಷದಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತನ್ನು ನಾನು ಶುರುಮಾಡಿದೆ. ಅವರು ಮುಗಿಸಲು ಬಿಡಲಿಲ್ಲ.

“ನೀನು ಮಗು. ನಾನೂ ಹೊಡೀಬಾರ್ದಿತ್ತು. ಅದು ಆವತ್ತೇ ಮುಗೀತು.”

ಸೊಪ್ಪಿನವಳಿಗೆ ಚಿಲ್ಲರೆ ಕೊಟ್ಟು ಚೀಲ ಎತ್ತಿಕೊಂಡರು. ಆಮೇಲೆ ಕೇಳಿದರು.

“ಸಾವಿತ್ರಿ ಹೇಗಿದಾಳೆ?”

ಚೆನ್ನಾಗಿದ್ದಾಳೆ ಅಂದೆ. ಒಂದು ದಿನ ಕರ್ಕೊಂಡು ಬರ್ಲಾ ಅತ್ತೆ ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಅದು ಮುಖದಲ್ಲಿ ಕಾಣುತ್ತಿತ್ತು.

“ಬೇಡಮ್ಮ,” ಎಂದರು.

ಆ ‘ಬೇಡ’ವನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಸಿಕ್ಕಿದ್ದರು, ನಿನ್ನನ್ನು ಕೇಳಿದರು ಎಂದಷ್ಟೇ ಹೇಳಿದೆ. ಏನಂತ ಕೇಳಿದಳು ಎಂದಳು ಅಮ್ಮ. ಹೇಗಿದಾಳೆ ಅಂತ, ಎಂದೆ. ಬಟ್ಟೆ ಮಡಚುತ್ತ, ನನ್ನ ಹೆಸರು ಹಿಡಿದು ಕೇಳಿದಳಾ ಎಂದು ಮತ್ತೆ ಕೇಳಿದಳು.

ಜಯನಗರದಲ್ಲಿ ಈಗ ಖಾಲಿ ಸೈಟು ಹುಡುಕಿದರೂ ಸಿಗುವುದಿಲ್ಲ. ಅದಕ್ಕಾಗಿ ನನಗೆ ಅಷ್ಟೇನೂ ದುಃಖವಿಲ್ಲ. ಬನಶಂಕರಿಯಲ್ಲಿ ನಾವು ಇಪ್ಪತ್ತೆರಡು ವರ್ಷ ಇದ್ದೆವು. ಅಕ್ಕಪಕ್ಕದವರೆಲ್ಲ ಒಳ್ಳೆಯವರೇ. ಅಮ್ಮ ಅರಿಶಿನ ಕುಂಕುಮಕ್ಕೆ ಕರೆದಲ್ಲಿಗೆಲ್ಲ ಹೋಗಿ ಬರುತ್ತಿದ್ದಳು, ಬಾಣಂತಿಯರಿಗೆ ಲೇಹ್ಯ ಮಾಡಿ ಕೊಡುತ್ತಿದ್ದಳು, ಯಾರ ಬಗ್ಗೆಯೂ ಒಂದು ಕೆಟ್ಟ ಮಾತು ಆಡುತ್ತಿರಲಿಲ್ಲ. ಮಾತೇ ಕಡಿಮೆ ಮಾಡಿದ್ದಳು. ಅವಳು ತೀರಿಕೊಂಡ ದಿನ ಬೀದಿಯವರೆಲ್ಲ ಬಂದಿದ್ದರು. ಸಾವಿತ್ರಮ್ಮ ಬಹಳ ಗಂಭೀರ ಸ್ವಭಾವದ ಹೆಂಗಸು ಎಂದು ಎಲ್ಲರೂ ಹೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಅವರಲ್ಲಿ ಒಬ್ಬರೂ ನನ್ನಮ್ಮ ಜೋರಾಗಿ ನಕ್ಕಿದ್ದನ್ನು ಕೇಳಿರಲಿಲ್ಲ.